ಟರ್ಬೊ ಕಾರಿನ ಟ್ಯೂನಿಂಗ್ ಮತ್ತು ಶಕ್ತಿಯ ಲೆಕ್ಕ: ಬೆಂಗಳೂರಿನ ಎತ್ತರದಲ್ಲಿ ಡೈನೊ ಹಾಳೆಯನ್ನು ಓದುವ ಬಗೆ

ಟರ್ಬೊ ಕಾರನ್ನು ರೀಮ್ಯಾಪ್ ಮಾಡಿಸಿದವರ ಕೈಯಲ್ಲಿ ಕೊನೆಗೆ ಉಳಿಯುವ ದಾಖಲೆ, ಶಕ್ತಿ ಅಳೆಯುವ ಡೈನೊ ಯಂತ್ರ ಅಚ್ಚು ಹಾಕಿದ ಒಂದು ಹಾಳೆ. ಅದರಲ್ಲಿ ಎರಡು ಗೆರೆಗಳಿರುತ್ತವೆ. ಕೆಳಗಿನದು ಕಂಪನಿಯಿಂದ ಬಂದ ಸ್ಥಿತಿಯದು, ಮೇಲಿನದು ಟ್ಯೂನ್ ಆದ ನಂತರದ್ದು. ಗ್ರಾಹಕ ದುಡ್ಡು ಕೊಟ್ಟು ಕೊಂಡದ್ದು ಇವೆರಡರ ನಡುವಿನ ಅಂತರವನ್ನು. ಆ ಅಂತರದಲ್ಲಿ ಎಂಜಿನ್ನಿನ ಪಾಲು ಎಷ್ಟು, ಅಳತೆಯ ಕ್ರಮದ ಪಾಲು ಎಷ್ಟು ಎಂಬುದು ಈ ಟಿಪ್ಪಣಿಯ ಪ್ರಶ್ನೆ. ಬೆಂಗಳೂರಿನಂಥ ಎತ್ತರದ ಊರಿನಲ್ಲಿ ಪೆಟ್ರೋಲ್ ಟರ್ಬೊ ಕಾರುಗಳ ಮಟ್ಟಿಗೆ ಅತಿ ದೊಡ್ಡ ಗೊಂದಲ ಹುಟ್ಟುವುದು ಹಾಳೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗುವ ವಾತಾವರಣದ ತಿದ್ದುಪಡಿ ಗುಣಾಂಕದಿಂದ ಎಂದು ಇಲ್ಲಿ ವಾದಿಸಿದ್ದೇನೆ. ಯಂತ್ರದ ದೋಷ, ಟಯರಿನ ಜಾರಿಕೆ, ಇಂಧನದ ವ್ಯತ್ಯಾಸ ಇವೆಲ್ಲ ಇದ್ದೇ ಇವೆ. ಆದರೆ ಅವುಗಳ ಬಗ್ಗೆ ಜನ ಮಾತಾಡುತ್ತಾರೆ. ಗುಣಾಂಕದ ಬಗ್ಗೆ ಮಾತಾಡುವವರು ಕಡಿಮೆ.

ಮೊದಲು ವ್ಯವಕಲನದ ವಿಚಾರ. ಹಸುಗೂಸನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತ ತಾಯಿಯ ತೂಕದಿಂದ ತಾಯಿಯೊಬ್ಬಳದೇ ತೂಕ ಕಳೆದು ಮಗುವಿನ ತೂಕ ಹೇಳುವ ರೂಢಿಯಿದೆ. ಅರವತ್ತು ಕಿಲೋದಲ್ಲಿ ಒಂದು ಕಿಲೋ ಹೆಚ್ಚುಕಮ್ಮಿಯಾದರೆ ತಾಯಿಗೆ ಅದು ಲೆಕ್ಕಕ್ಕಿಲ್ಲ. ನಾಲ್ಕು ಕಿಲೋದ ಮಗುವಿಗೆ ಅದು ಕಾಲು ಪಾಲು. ಟ್ಯೂನಿಂಗ್‌ನಿಂದ ಸಿಕ್ಕ ಶಕ್ತಿಯೂ ಹೀಗೆಯೇ ಎರಡು ದೊಡ್ಡ ಸಂಖ್ಯೆಗಳ ನಡುವಿನ ಸಣ್ಣ ಸಂಖ್ಯೆ. ಒಂದು ಡೈನೊದ ಪ್ರತಿ ಓಟದಲ್ಲಿ 2 ಪಿಎಸ್‌ನಷ್ಟು (ಮೆಟ್ರಿಕ್ ಅಶ್ವಶಕ್ತಿ) ಪ್ರಮಾಣಿತ ವಿಚಲನೆ ಇದೆ ಎಂದುಕೊಳ್ಳೋಣ. ಎರಡು ಓಟಗಳ ವ್ಯತ್ಯಾಸದಲ್ಲಿ ಅದು 2.8 ಆಗುತ್ತದೆ. ಶೇ 95ರ ಭರವಸೆಯಿಂದ ಹೇಳಬೇಕಾದರೆ ಸುಮಾರು ಐದೂವರೆ ಪಿಎಸ್‌ಗಿಂತ ಕಡಿಮೆಯ ಯಾವ ಹೆಚ್ಚಳವೂ ಒಂದೊಂದೇ ಓಟದಲ್ಲಿ ಕಾಣಿಸುವುದಿಲ್ಲ. ಏರ್ ಫಿಲ್ಟರ್ ಬದಲಿಸಿ 4 ಪಿಎಸ್ ಬಂತು ಎನ್ನುವವರ ಹಾಳೆಯಲ್ಲಿ ಮೊದಲಿನದೊಂದು, ನಂತರದ್ದೊಂದು ಓಟ ಮಾತ್ರ ಇದ್ದರೆ ಅದು ಏನನ್ನೂ ಹೇಳಿದಂತಾಗಲಿಲ್ಲ. ಎರಡೂ ಸ್ಥಿತಿಯಲ್ಲಿ ನಾಲ್ಕು ನಾಲ್ಕು ಓಟ ತೆಗೆದರೆ ಗಡಿ 2.8ರ ಹತ್ತಿರಕ್ಕೆ ಇಳಿಯುತ್ತದೆ, ಆಗ 4 ಪಿಎಸ್ ಹೊಸ್ತಿಲು ದಾಟುತ್ತದೆ. ಇದಕ್ಕೆ ಹೊಸ ಯಂತ್ರ ಬೇಡ, ಇನ್ನರ್ಧ ಗಂಟೆ ಸಾಕು.

ಇನ್ನೊಂದು ಅಭ್ಯಾಸವನ್ನೂ ಇಲ್ಲೇ ಗುರುತಿಸಬೇಕು. ಮೂಲ ಸ್ಥಿತಿಯ ಓಟ ಒಂದೇ ಒಂದು. ಟ್ಯೂನ್ ಮಾಡುವಾಗ ಹತ್ತಾರು ಓಟಗಳಾಗುತ್ತವೆ, ಅವುಗಳಲ್ಲಿ ಅತಿ ಹೆಚ್ಚಿನದನ್ನು ಅಚ್ಚು ಹಾಕಿ ಕೊಡುತ್ತಾರೆ. ಎಂಜಿನ್ ಒಂದಿಷ್ಟೂ ಬದಲಾಗದಿದ್ದರೂ ಹತ್ತು ಓಟಗಳಲ್ಲಿ ಅತ್ಯುತ್ತಮವಾದದ್ದು ಯಾವುದೋ ಒಂದು ಓಟಕ್ಕಿಂತ ಮೇಲೆ ಇರುವುದು ಸಹಜ. ಇದರಲ್ಲಿ ಯಾರ ದುರುದ್ದೇಶವೂ ಇರಬೇಕಾಗಿಲ್ಲ.

ಕೈಗೆ ಸಿಗುವ ಒಂದು ಉದಾಹರಣೆಯ ಮೇಲೆ ಲೆಕ್ಕ ನಿಲ್ಲಿಸೋಣ. ಫೋಕ್ಸ್‌ವ್ಯಾಗನ್ ವರ್ಟಸ್ ಮತ್ತು ಸ್ಕೋಡಾ ಸ್ಲಾವಿಯಾ ಕಾರುಗಳಲ್ಲಿರುವ ಮೂರು ಸಿಲಿಂಡರಿನ 1.0 ಟಿಎಸ್‌ಐ ಎಂಜಿನ್ನಿಗೆ ಕಂಪನಿ ಹೇಳುವ ಅಂಕಿ 115 ಪಿಎಸ್, 178 ನ್ಯೂಟನ್ ಮೀಟರ್. ಟಾರ್ಕ್ 1750ರಿಂದ 4500 ಆರ್‌ಪಿಎಂವರೆಗೆ ಒಂದೇ ಸಮ. ಕಿಲೋವ್ಯಾಟಿನಲ್ಲಿ ಶಕ್ತಿ ಬೇಕಾದರೆ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿದರಾಯಿತು. ಅದನ್ನು ಪಿಎಸ್‌ಗೆ ತಿರುಗಿಸಿದರೆ 1750ರಲ್ಲಿ 44 ಪಿಎಸ್, 4500ರಲ್ಲಿ 114 ಪಿಎಸ್ ಬರುತ್ತದೆ. ಅಂದರೆ ಹೇಳಿದ ಗರಿಷ್ಠ ಶಕ್ತಿ 4500ಕ್ಕೇ ಬಹುಪಾಲು ಮುಟ್ಟಿರುತ್ತದೆ. ಅಲ್ಲಿಂದ ಮುಂದೆ 5500ರವರೆಗೆ ಶಕ್ತಿ 115ರ ಆಸುಪಾಸಿನಲ್ಲಿ ನಿಲ್ಲುವಂತೆ ಟಾರ್ಕನ್ನು ಸುಮಾರು 148ಕ್ಕೆ ಇಳಿಸಿರುತ್ತಾರೆ. ಇಷ್ಟು ಚಪ್ಪಟೆಯಾದ ಗೆರೆ ತಾನಾಗಿ ಬರುವಂಥದ್ದಲ್ಲ. ಗೇರ್‌ಬಾಕ್ಸ್, ಬಿಸಿ, ಮಾಲಿನ್ಯದ ಮಿತಿ, ವಾರಂಟಿ ಎಲ್ಲವನ್ನೂ ಎಣಿಸಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಎಳೆದ ಮೇಲ್ಮಿತಿ ಅದು. ಟರ್ಬೊ ಇಲ್ಲದ ಎಂಜಿನ್ನಿಗೆ ಬರಿಯ ಸಾಫ್ಟ್‌ವೇರಿನಿಂದ ಸಿಗುವುದು ಅತ್ಯಲ್ಪ, ಟರ್ಬೊ ಎಂಜಿನ್ನಿಗೆ ಸಿಗುವುದು ಬಹಳ. ಕಾರಣ ಈ ಮೇಲ್ಮಿತಿಯಲ್ಲೇ ಇದೆ. ಮಿತಿಯನ್ನು ಮೇಲಕ್ಕೆತ್ತಿದರೆ ಟರ್ಬೊ ಇನ್ನಷ್ಟು ಗಾಳಿ ತಳ್ಳುತ್ತದೆ, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬೀಳುತ್ತದೆ.

ಬಿಡಿಭಾಗ ಬದಲಿಸದೆ ಸಾಫ್ಟ್‌ವೇರ್ ಮಾತ್ರ ತಿದ್ದುವ ಸ್ಟೇಜ್ 1 ಮ್ಯಾಪಿನಲ್ಲಿ ಆ ಚಪ್ಪಟೆ ಭಾಗವನ್ನು 178ರಿಂದ 220ಕ್ಕೆ ಏರಿಸಿದರು ಎಂದುಕೊಂಡರೆ 3000 ಆರ್‌ಪಿಎಂನಲ್ಲಿ ಸಿಗುವ ಹೆಚ್ಚಳ ಸುಮಾರು 18 ಪಿಎಸ್. ಅದೇ ಕಾರು 5500ರಲ್ಲಿ ಹತ್ತೇ ಪಿಎಸ್ ಹೆಚ್ಚು ತೋರಿಸಬಹುದು. ಹಾಗಾದರೆ ಹೆಚ್ಚಳ ಎಷ್ಟು? ಗರಿಷ್ಠಕ್ಕೂ ಗರಿಷ್ಠಕ್ಕೂ ಹೋಲಿಸಿದರೆ ಒಂದು ಉತ್ತರ, ಒಂದೇ ಆರ್‌ಪಿಎಂನಲ್ಲಿ ಹೋಲಿಸಿದರೆ ಇನ್ನೊಂದು. ಎರಡೂ ನಿಜ. ಯಾವುದನ್ನು ಹೇಳುತ್ತಿದ್ದೇವೆ ಎಂದು ತಿಳಿಸದೆ ದೊಡ್ಡದನ್ನು ಆರಿಸಿ ಹೇಳುವುದು ಮಾತ್ರ ಸರಿಯಲ್ಲ. ದಿನನಿತ್ಯ ಓಡಿಸುವವನಿಗೆ 2000ರಿಂದ 4500ರವರೆಗಿನ ಗೆರೆಯ ಅಡಿಯ ಕ್ಷೇತ್ರಫಲವೇ ಮುಖ್ಯ. ಅದನ್ನು ಅಚ್ಚು ಹಾಕುವ ಗ್ಯಾರೇಜುಗಳು ಹೆಚ್ಚಾಗಲಿ ಎಂಬುದು ನನ್ನ ಆಸೆ.

ತಿದ್ದುಪಡಿ ಗುಣಾಂಕ

ಎಂಜಿನ್ ಉಸಿರಾಡುವ ಗಾಳಿ ಊರಿಂದ ಊರಿಗೆ, ದಿನದಿಂದ ದಿನಕ್ಕೆ ಬದಲಾಗುತ್ತದೆ. ಬೇರೆ ಬೇರೆ ಕಡೆ ತೆಗೆದ ಅಂಕಿಗಳನ್ನು ಹೋಲಿಸಲು ಎಲ್ಲವನ್ನೂ ಒಂದು ಆಧಾರ ಸ್ಥಿತಿಗೆ ತರಬೇಕು. ಅಮೆರಿಕದ ಎಸ್‌ಎಇ ಜೆ1349 ಮಾನದಂಡದ ಆಧಾರ 25 ಡಿಗ್ರಿ ಸೆಲ್ಸಿಯಸ್, 990 ಮಿಲಿಬಾರ್ ಒಣ ಗಾಳಿ. ಐಎಸ್‌ಒ 1585 ಕೂಡ ಅದನ್ನೇ ಇಟ್ಟುಕೊಂಡಿದೆ. ಜರ್ಮನಿಯ ಹಳೆಯ ಡಿಐಎನ್ 70020ರಲ್ಲಿ 20 ಡಿಗ್ರಿ, 1013 ಮಿಲಿಬಾರ್. ಅಮೆರಿಕದ ಇನ್ನೂ ಹಳೆಯ ಜೆ607 ಸುಮಾರು 15.5 ಡಿಗ್ರಿಯ ತಂಪು ಗಾಳಿಯನ್ನು ಆಧಾರವಾಗಿಸುತ್ತದೆ. ಹಾಗಾಗಿ ಒಂದೇ ಓಟ ಜೆ1349ರಲ್ಲಿ ಅಚ್ಚಾದುದಕ್ಕಿಂತ ಜೆ607ರಲ್ಲಿ ಸುಮಾರು ಶೇ 4ರಷ್ಟು ಹೆಚ್ಚು ಕಾಣುತ್ತದೆ. ಡೈನೊದ ಕಂಪ್ಯೂಟರಿನಲ್ಲಿ ಇವೆಲ್ಲ ಒಂದೇ ಪಟ್ಟಿಯಲ್ಲಿ ಇರುತ್ತವೆ, ಒಂದು ಕ್ಲಿಕ್ಕಿನ ಅಂತರದಲ್ಲಿ. 150 ಪಿಎಸ್ ಕಾರಿಗೆ ಆ ಕ್ಲಿಕ್ಕಿನ ಬೆಲೆ 6 ಪಿಎಸ್.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ 910 ಮಿಲಿಬಾರಿನ ಆಸುಪಾಸು. 27 ಡಿಗ್ರಿ ಬಿಸಿ, ಶೇ 50 ಆರ್ದ್ರತೆ ಇರುವ ದಿನ ನೀರಾವಿಯ ಪಾಲನ್ನು ಕಳೆದರೆ ಒಣ ಗಾಳಿಯ ಒತ್ತಡ 892 ಮಿಲಿಬಾರ್. ಜೆ1349ರ ಸೂತ್ರದಲ್ಲಿ ಇದನ್ನು ಇಟ್ಟರೆ ಗುಣಾಂಕ 1.13 ಬರುತ್ತದೆ, ಐಎಸ್‌ಒ ಸೂತ್ರದಲ್ಲಿ 1.14. ಅಂದರೆ ಡೈನೊದ ರೋಲರಿನ ಮೇಲೆ ನಿಜವಾಗಿ ಅಳೆದ 100 ಪಿಎಸ್, ಹಾಳೆಯ ಮೇಲೆ 113 ಅಥವಾ 114.

ಟರ್ಬೊ ಇಲ್ಲದ ಕಾರಿಗೆ ಇದು ನ್ಯಾಯ. ಅದರ ಸಿಲಿಂಡರಿಗೆ ಗಾಳಿ ನುಗ್ಗುವುದು ವಾತಾವರಣದ ಒತ್ತಡದಿಂದಲೇ. ಒತ್ತಡ ಶೇ 10 ಇಳಿದರೆ ಗಾಳಿಯೂ ಶೇ 10 ಇಳಿಯುತ್ತದೆ. ಎಂಜಿನ್ನಿನ ಒಳಗಿನ ಘರ್ಷಣೆ ಮಾತ್ರ ಇಳಿಯುವುದಿಲ್ಲವಾದ್ದರಿಂದ ಹೊರಗೆ ಸಿಗುವ ಶಕ್ತಿ ಇನ್ನೂ ಸ್ವಲ್ಪ ಹೆಚ್ಚೇ ಕುಸಿಯುತ್ತದೆ. ಜೆ1349 ಸೂತ್ರದಲ್ಲಿ ಕಾಣುವ 1.18 ಮತ್ತು 0.18 ಎಂಬ ಅಂಕಿಗಳು ಆ ಘರ್ಷಣೆಯ ಲೆಕ್ಕಕ್ಕಾಗಿ ಇರುವಂಥವು.

ಟರ್ಬೊ ಕಾರಿನ ಕಥೆ ಬೇರೆ. ಇಂದಿನ ಇಸಿಯು ಇಂಟೇಕ್ ಮ್ಯಾನಿಫೋಲ್ಡಿನ ನಿರಪೇಕ್ಷ ಒತ್ತಡವನ್ನು ಸೆನ್ಸರ್‌ನಿಂದ ಓದಿ, ಕೇಳಿದ ಟಾರ್ಕಿಗೆ ಎಷ್ಟು ಗಾಳಿ ಬೇಕೋ ಅಷ್ಟು ಬರುವವರೆಗೆ ವೇಸ್ಟ್‌ಗೇಟನ್ನು (ಟರ್ಬೈನ್ ತಪ್ಪಿಸಿ ಹೊಗೆಯನ್ನು ಹೊರಬಿಡುವ ಬಾಗಿಲು) ಮುಚ್ಚುತ್ತದೆ. ಹೊರಗಿನ ಒತ್ತಡ ಕಡಿಮೆಯಾದರೆ ಟರ್ಬೊ ಇನ್ನಷ್ಟು ವೇಗವಾಗಿ ತಿರುಗಿ ಕೊರತೆ ತುಂಬುತ್ತದೆ. 2 ಬಾರ್ ನಿರಪೇಕ್ಷ ಒತ್ತಡ ಬೇಕಾದಾಗ ಮಂಗಳೂರಿನಲ್ಲಿ ಕಂಪ್ರೆಸರ್ ಗಾಳಿಯನ್ನು 1.97 ಪಟ್ಟು ಒತ್ತಿದರೆ ಬೆಂಗಳೂರಿನಲ್ಲಿ 2.2 ಪಟ್ಟು ಒತ್ತುತ್ತದೆ. ಸಿಲಿಂಡರಿಗೆ ತಲುಪುವ ಗಾಳಿ ಬಹುಮಟ್ಟಿಗೆ ಒಂದೇ. ಇಲ್ಲದ ನಷ್ಟಕ್ಕೆ ಗುಣಾಂಕ ಶೇ 13ರ ಪರಿಹಾರ ಕೊಟ್ಟಂತಾಗುತ್ತದೆ.

ಟರ್ಬೊ ಎತ್ತರದ ಮೇಲೆ ಗೆದ್ದದ್ದು ಹೊಸ ಸುದ್ದಿಯೇನೂ ಅಲ್ಲ. ಸ್ವಿಸ್ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಷಿ 1905ರಲ್ಲಿ ಪಡೆದ ಪೇಟೆಂಟಿನಿಂದ ಆರಂಭವಾದ ಈ ಸಾಧನವನ್ನು ಜನರಲ್ ಎಲೆಕ್ಟ್ರಿಕ್‌ನ ಸ್ಯಾನ್‌ಫರ್ಡ್ ಮಾಸ್ 1918ರಲ್ಲಿ ಲಿಬರ್ಟಿ ವಿಮಾನ ಎಂಜಿನ್ನಿಗೆ ಜೋಡಿಸಿ, ಟ್ರಕ್ಕಿನ ಮೇಲಿಟ್ಟು, ಅಮೆರಿಕದ ಕೊಲರಾಡೊದಲ್ಲಿರುವ ಪೈಕ್ಸ್ ಪೀಕ್ ಪರ್ವತದ ನೆತ್ತಿಗೆ ಒಯ್ದರು. ಎತ್ತರ ಸುಮಾರು 4,300 ಮೀಟರ್. ತಗ್ಗಿನಲ್ಲಿ ಸುಮಾರು 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್, ಟರ್ಬೊ ಇಲ್ಲದೆ ಅಲ್ಲಿ 230ಕ್ಕೆ ಕುಸಿಯಿತು. ಟರ್ಬೊ ಜೊತೆ 356 ಕೊಟ್ಟಿತು. ಆ 356ಕ್ಕೆ ಎತ್ತರದ ಗುಣಾಂಕ ಹಚ್ಚಿದ್ದರೆ ಎಂಥ ಅಂಕಿ ಬರುತ್ತಿತ್ತು ಎಂದು ಯೋಚಿಸಿದರೆ ನಮ್ಮ ಹಾಳೆಯ ಸಮಸ್ಯೆ ಎದ್ದು ಕಾಣುತ್ತದೆ.

ಐಎಸ್‌ಒ ಮಾನದಂಡಕ್ಕೆ ಈ ಸೂಕ್ಷ್ಮ ತಿಳಿದಿಲ್ಲವೆಂದಲ್ಲ. ಡೀಸೆಲ್ ಎಂಜಿನ್ನುಗಳಿಗೆ ಅದು ಟರ್ಬೊ ಇದ್ದರೆ ಒಂದು ಸೂತ್ರ, ಇಲ್ಲದಿದ್ದರೆ ಇನ್ನೊಂದು ಎಂದು ಬೇರ್ಪಡಿಸಿದೆ. ಟರ್ಬೊ ಡೀಸೆಲ್‌ನಲ್ಲಿ ಒತ್ತಡದ ಘಾತ 1ರ ಬದಲು 0.7, ಅದರ ಮೇಲೆ ಇಂಧನದ ಪ್ರಮಾಣವನ್ನು ನೋಡಿ 0.3ರಿಂದ 1.2ರವರೆಗೆ ಬದಲಾಗುವ ಇನ್ನೊಂದು ಘಾತ. ನಾನು ಮೇಲೆ ಹೇಳಿದ ಬೆಂಗಳೂರಿನ ದಿನಕ್ಕೆ ಆ ಗುಣಾಂಕ ಸುಮಾರು 1.03ರಿಂದ 1.10ರ ನಡುವೆ ಎಲ್ಲಾದರೂ ಬೀಳಬಹುದು. ಪೆಟ್ರೋಲ್ ಎಂಜಿನ್ನಿಗೆ ಮಾತ್ರ ಟರ್ಬೊ ಇರಲಿ ಬಿಡಲಿ ಒಂದೇ ಸೂತ್ರ. ಆದರೆ ಅದರ ಜೊತೆಗೇ ಒಂದು ಬೇಲಿ ಇದೆ: ಗುಣಾಂಕ 0.93 ಮತ್ತು 1.07ರ ಒಳಗಿರಬೇಕು, ದಾಟಿದರೆ ಪರೀಕ್ಷೆ ನಡೆದ ಉಷ್ಣಾಂಶ, ಒತ್ತಡಗಳನ್ನು ವರದಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು. ಬೆಂಗಳೂರಿನ 1.14 ಆ ಬೇಲಿಯ ಆಚೆಗೆ ಇದೆ. ಇಲ್ಲಿ ವರ್ಷದ ಯಾವ ದಿನ ಅಳೆದರೂ ಬೇಲಿಯೊಳಗೆ ಬರುವುದು ಕಷ್ಟ.

ಇದಕ್ಕೆ ಸಾಮಾನ್ಯವಾಗಿ ಬರುವ ಉತ್ತರ: ಮೊದಲಿನ ಓಟಕ್ಕೂ ನಂತರದ ಓಟಕ್ಕೂ ಅದೇ ಗುಣಾಂಕ ಹಚ್ಚುತ್ತೇವಲ್ಲ, ತಪ್ಪಿದ್ದರೂ ಕಳೆದು ಹೋಗುತ್ತದೆ. ಈ ಉತ್ತರವನ್ನು ಎರಡು ಹಂತದಲ್ಲಿ ಪರಿಶೀಲಿಸಬೇಕು. ಚಕ್ರದ ಬಳಿ ಮೊದಲು 95 ಪಿಎಸ್, ನಂತರ 120 ಪಿಎಸ್ ಅಳೆದರೆಂದು ಇಟ್ಟುಕೊಳ್ಳಿ. ನಿಜವಾದ ಅಂತರ 25. ಎರಡನ್ನೂ 1.13ರಿಂದ ಗುಣಿಸಿದರೆ 107 ಮತ್ತು 136, ಅಂತರ 28. ತಪ್ಪು ಕಳೆದು ಹೋಗಲಿಲ್ಲ, ಅಂತರವೇ ಅದೇ ಪ್ರಮಾಣದಲ್ಲಿ ಉಬ್ಬಿತು. ಮೂಲ ಸ್ಥಿತಿಯ ಓಟವನ್ನೇ ತೆಗೆಯದೆ ಬ್ರೋಷರಿನ 115ನ್ನು ಮೊದಲಿನ ಅಂಕಿಯಾಗಿಟ್ಟರೆ ಇನ್ನೂ ಕೆಡುತ್ತದೆ. 136ಕ್ಕೆ ಶೇ 15 ಗೇರ್‌ಬಾಕ್ಸ್ ನಷ್ಟ ಸೇರಿಸಿ 160 ಎನ್ನುತ್ತಾರೆ, 45 ಪಿಎಸ್ ಹೆಚ್ಚಾಯಿತೆಂದು ಘೋಷಣೆಯಾಗುತ್ತದೆ. ಅದೇ ಶೇ 15ರ ಲೆಕ್ಕವನ್ನು ಎರಡೂ ಓಟಕ್ಕೆ ಹಚ್ಚಿ, ಗುಣಾಂಕವನ್ನು ಬಿಟ್ಟರೆ ಎಂಜಿನ್ನಿನ ಬಳಿಯ ಹೆಚ್ಚಳ 29. ಉಳಿದ 16ರಷ್ಟು ಪಿಎಸ್ ಹುಟ್ಟಿದ್ದು ಕ್ಯಾಲ್ಕುಲೇಟರಿನಲ್ಲಿ.

ಎರಡನೆಯ ಹಂತ ಇನ್ನೂ ಸೂಕ್ಷ್ಮ, ನನಗೆ ಮುಖ್ಯವಾಗಿ ಕಂಡದ್ದೂ ಇದೇ. ಟರ್ಬೊ ಕೊರತೆ ತುಂಬುವುದು ಅದಕ್ಕೆ ಕಸುವು ಇರುವವರೆಗೆ ಮಾತ್ರ. ಪುಟ್ಟ ಟರ್ಬೊ ಮೇಲಿನ ಆರ್‌ಪಿಎಂನಲ್ಲಿ ತನ್ನ ವೇಗದ ಮಿತಿ ಮುಟ್ಟಿದಾಗ ಅಥವಾ ವೇಸ್ಟ್‌ಗೇಟ್ ಪೂರ್ತಿ ಮುಚ್ಚಿಯೂ ಕೇಳಿದ ಒತ್ತಡ ಬರದಿದ್ದಾಗ ಎತ್ತರದ ಪೆಟ್ಟು ಬೀಳಲು ಶುರುವಾಗುತ್ತದೆ. ಹಾಗಾಗಿ ಒಂದೇ ಗೆರೆಯ ಮೇಲೆ 2500ರಲ್ಲಿ ಸರಿಯಾದ ಗುಣಾಂಕ 1ರ ಹತ್ತಿರ, 5500ರಲ್ಲಿ ಅದಕ್ಕಿಂತ ಮೇಲೆ. ಕಂಪನಿಯ ಮ್ಯಾಪ್ ಟರ್ಬೊಗೆ ಬೇಕಷ್ಟು ಅವಕಾಶ ಉಳಿಸಿರುತ್ತದೆ. ಟ್ಯೂನ್ ಆದ ಮ್ಯಾಪ್ ಆ ಉಳಿಕೆಯನ್ನೇ ತಿನ್ನುತ್ತದೆ, ಮಿತಿಯನ್ನು ಬೇಗ ಮುಟ್ಟುತ್ತದೆ. ಆದ್ದರಿಂದ ಮೊದಲಿನ ಗೆರೆಗೆ ಸಲ್ಲುವ ಗುಣಾಂಕ ನಂತರದ ಗೆರೆಗೆ ಸಲ್ಲುವುದಿಲ್ಲ. ಒಂದೇ ಸಂಖ್ಯೆಯನ್ನು ಇಡೀ ಹಾಳೆಗೆ ಬಳಿದರೆ ಕೆಲವು ಕಡೆ ಹೆಚ್ಚು ಕೊಟ್ಟಂತೆ, ಕೆಲವು ಕಡೆ ಸರಿಯಾದಷ್ಟೇ ಕೊಟ್ಟಂತೆ ಆಗುತ್ತದೆ. ಬೂಸ್ಟನ್ನು ಬರಿಯ ಸ್ಪ್ರಿಂಗಿನ ಆಕ್ಚುಯೇಟರ್ ನಿಯಂತ್ರಿಸುವ ಹಳೆಯ ಕಾರುಗಳದು ಮೂರನೆಯ ದಾರಿ. ಅಲ್ಲಿ ಸ್ಥಿರವಾಗಿರುವುದು ವಾತಾವರಣಕ್ಕಿಂತ ಎಷ್ಟು ಹೆಚ್ಚು ಎಂಬ ಒತ್ತಡ. 1 ಬಾರ್ ಬೂಸ್ಟ್ ಎಂದರೆ ಚೆನ್ನೈಯಲ್ಲಿ 2.01 ಬಾರ್ ನಿರಪೇಕ್ಷ, ಬೆಂಗಳೂರಿನಲ್ಲಿ 1.91. ನಷ್ಟ ಶೇ 10 ಅಲ್ಲ, ಶೇ 5ರ ಆಸುಪಾಸು. ಡ್ಯಾಶ್‌ಬೋರ್ಡಿನ ಬೂಸ್ಟ್ ಗೇಜ್ ಎರಡೂ ಊರಿನಲ್ಲಿ ಒಂದೇ ಅಂಕಿ ತೋರಿಸುತ್ತದೆ.

ನನ್ನ ಸಲಹೆ ಸರಳ. ಟರ್ಬೊ ಪೆಟ್ರೋಲ್ ಕಾರಿನ ಹಾಳೆಯಲ್ಲಿ ತಿದ್ದುಪಡಿ ಮಾಡದ ಗೆರೆ ಕಡ್ಡಾಯವಾಗಿ ಇರಲಿ, ಅದೇ ಮುಖ್ಯ ಗೆರೆಯಾಗಿರಲಿ. ಜೊತೆಗೆ ಪ್ರತಿ ಆರ್‌ಪಿಎಂನ ನಿರಪೇಕ್ಷ ಮ್ಯಾನಿಫೋಲ್ಡ್ ಒತ್ತಡ, ಇಂಟೇಕ್ ಗಾಳಿಯ ಉಷ್ಣಾಂಶ, ಕೋಣೆಯ ಒತ್ತಡ ಮತ್ತು ಬಿಸಿ. ಇಷ್ಟಿದ್ದರೆ ಬೇಕಾದವರು ಬೇಕಾದ ಗುಣಾಂಕ ಹಚ್ಚಿಕೊಳ್ಳಬಹುದು. ಇಷ್ಟಿಲ್ಲದೆ ಗುಣಾಂಕ ಹಚ್ಚಿದ ಗೆರೆ ಮಾತ್ರ ಇದ್ದರೆ ಹಿಂದಕ್ಕೆ ಹೋಗುವ ದಾರಿ ಮುಚ್ಚಿರುತ್ತದೆ.

ರೋಲರ್, ಬಿಸಿ, ಇಂಧನ

ಅಳೆಯುವ ಯಂತ್ರದ ಮೂಲ ತತ್ವ ಹಳೆಯದು. ಫ್ರೆಂಚ್ ಎಂಜಿನಿಯರ್ ಗಾಸ್ಪಾರ್ ದ ಪ್ರೊನಿ 1821ರಲ್ಲಿ ಬ್ರೇಕು ಬಿಗಿದು ಟಾರ್ಕ್ ಅಳೆದ, ಇಂಗ್ಲೆಂಡಿನ ವಿಲಿಯಂ ಫ್ರೂಡ್ 1877ರಲ್ಲಿ ಹಡಗಿನ ಎಂಜಿನ್ನುಗಳಿಗಾಗಿ ನೀರಿನ ಬ್ರೇಕು ಕಟ್ಟಿದ. ಇಂದಿನ ಗ್ಯಾರೇಜುಗಳಲ್ಲಿ ಎರಡು ಬಗೆ ಸಾಮಾನ್ಯ. ಒಂದರಲ್ಲಿ ಭಾರವಾದ ಡ್ರಮ್ಮನ್ನು ಕಾರು ತಿರುಗಿಸುತ್ತದೆ. ಡ್ರಮ್ ಎಷ್ಟು ಬೇಗ ವೇಗ ಪಡೆಯಿತು ಎಂಬುದರಿಂದ ಶಕ್ತಿ ಲೆಕ್ಕ ಹಾಕುತ್ತಾರೆ. ಇನ್ನೊಂದರಲ್ಲಿ ಎಡ್ಡಿ ಕರೆಂಟ್ ಬ್ರೇಕು ಕಾರನ್ನು ಬೇಕಾದ ವೇಗದಲ್ಲಿ ಹಿಡಿದು ನಿಲ್ಲಿಸುತ್ತದೆ. ಟರ್ಬೊ ಕಾರಿಗೆ ಈ ವ್ಯತ್ಯಾಸ ಬಹಳ. ಹಗುರ ಡ್ರಮ್ಮಿನ ಮೇಲೆ, ಕೆಳಗಿನ ಗೇರಿನಲ್ಲಿ ಓಟ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಬೂಸ್ಟ್ ಕಟ್ಟುವ ಮುಂಚೆಯೇ 2000 ಆರ್‌ಪಿಎಂ ದಾಟಿ ಹೋಗಿರುತ್ತದೆ, ಕೆಳಗಿನ ಟಾರ್ಕ್ ಇಲ್ಲವೇ ಇಲ್ಲ ಎಂಬಂತೆ ಕಾಣುತ್ತದೆ. ಬ್ರೇಕು ಹಿಡಿದು ನಿಲ್ಲಿಸಿದರೆ ಅದೇ 2000ರಲ್ಲಿ ಪೂರ್ತಿ ಬೂಸ್ಟ್ ಬರುತ್ತದೆ. ಎರಡು ಓಟಗಳಿಗೆ ಗೇರ್, ಓಟದ ಅವಧಿ, ಟಯರಿನ ಗಾಳಿ, ಕಾರನ್ನು ಕಟ್ಟಿದ ಪಟ್ಟಿಯ ಬಿಗಿ ಒಂದೇ ಆಗಿರದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ತಪ್ಪು ಯಾವಾಗಲೂ ಮಾರುವವನ ಪರವಾಗಿಯೇ ಇರುತ್ತದೆ ಎಂದೂ ಹೇಳುವಂತಿಲ್ಲ. ಟ್ಯೂನ್ ಆದ ಕಾರು ಡ್ರಮ್ಮನ್ನು ಬೇಗ ತಿರುಗಿಸುವಾಗ ತನ್ನದೇ ಚಕ್ರ, ಫ್ಲೈವೀಲುಗಳನ್ನೂ ಬೇಗ ತಿರುಗಿಸಬೇಕಾಗಿ ಅಲ್ಲಿ ಸ್ವಲ್ಪ ಹೆಚ್ಚು ಶಕ್ತಿ ಖರ್ಚಾಗುತ್ತದೆ. ರೋಲರಿಗೆ ಅಷ್ಟು ಕಡಿಮೆ ಸಿಕ್ಕಿ ಹೆಚ್ಚಳ ತುಸು ಕಮ್ಮಿಯೇ ಕಾಣುತ್ತದೆ.

ಗೇರ್‌ಬಾಕ್ಸ್ ನಷ್ಟದ ಶೇ 15 ಎಂಬ ರೂಢಿಯ ಅಂಕಿಗೆ ಭದ್ರ ಆಧಾರವಿಲ್ಲ. ಕ್ಲಚ್ ಒತ್ತಿ ಚಕ್ರ ತಾನಾಗಿ ನಿಧಾನವಾಗುವುದನ್ನು ಅಳೆದು ನಷ್ಟ ಕಂಡುಹಿಡಿಯುವ ಡೈನೊಗಳಿವೆ, ಅದು ಉತ್ತಮ ಕ್ರಮ. ಆದರೂ ಹಲ್ಲುಗಳ ಮೇಲೆ ಭಾರವಿಲ್ಲದಾಗಿನ ನಷ್ಟ ಅದು, ಭಾರವಿದ್ದಾಗಿನದಲ್ಲ. ಚಕ್ರದ ಬಳಿಯ ಅಂಕಿಯಲ್ಲೇ ನಿಲ್ಲುವುದು ಕ್ಷೇಮ.

ಬಿಸಿಯ ವಿಚಾರ ಹೆಚ್ಚು ಗಮನ ಕೇಳುತ್ತದೆ. ಕಂಪ್ರೆಸರಿನ ದಕ್ಷತೆ ಶೇ 70 ಎಂದು ಹಿಡಿದರೆ, 27 ಡಿಗ್ರಿಯ ಗಾಳಿ 1.97 ಪಟ್ಟು ಒತ್ತಿದಾಗ ಸುಮಾರು 119 ಡಿಗ್ರಿಗೆ, 2.2 ಪಟ್ಟು ಒತ್ತಿದಾಗ ಸುಮಾರು 135 ಡಿಗ್ರಿಗೆ ಏರುತ್ತದೆ. ಬೆಂಗಳೂರಿನ ಎತ್ತರಕ್ಕೆ ಟರ್ಬೊ ತೆರುವ ತೆರಿಗೆ ಈ 16 ಡಿಗ್ರಿ. ಅದನ್ನು ಇಂಟರ್‌ಕೂಲರ್ ಕಳೆಯಬೇಕು. ರಸ್ತೆಯಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಮೂತಿಗೆ ಸೆಕೆಂಡಿಗೆ 28 ಮೀಟರಿನ ಗಾಳಿ ಬಡಿಯುತ್ತದೆ. ಡೈನೊ ಕೋಣೆಯಲ್ಲಿ ಮುಂದೆ ಇಟ್ಟ ಫ್ಯಾನು ಅಷ್ಟು ಗಾಳಿಯನ್ನು ಅಷ್ಟು ಅಗಲಕ್ಕೆ ಕೊಡಲಾರದು. 1.0 ಟಿಎಸ್‌ಐನಲ್ಲಿ ಇಂಟರ್‌ಕೂಲರ್ ಇಂಟೇಕ್ ಮ್ಯಾನಿಫೋಲ್ಡಿನ ಒಳಗೇ ಕೂತಿದೆ, ಅದನ್ನು ತಂಪು ಮಾಡುವುದು ಪ್ರತ್ಯೇಕವಾಗಿ ಸುತ್ತುವ ಕೂಲಂಟ್. ಆ ನೀರು ಬಿಸಿಯಾಗಲು ಹೊತ್ತು ಹಿಡಿಯುತ್ತದೆ, ತಣಿಯಲೂ ಅಷ್ಟೇ ಹೊತ್ತು. ಮೊದಲ ಓಟ ಚೆನ್ನಾಗಿ ಬಂದು, ನಂತರದವು ಒಂದೊಂದಾಗಿ ಕುಗ್ಗುತ್ತ ಹೋಗುವುದು ಇದರಿಂದ. ಗಾಳಿ ಬಿಸಿಯಾದಂತೆ, ಎಂಜಿನ್ ನಾಕ್ ಆಗದಿರಲೆಂದು (ಇಂಧನ ಅಕಾಲದಲ್ಲಿ ಸಿಡಿಯದಿರಲೆಂದು) ಇಸಿಯು ಇಗ್ನಿಷನ್ ಟೈಮಿಂಗನ್ನು ಹಿಂದಕ್ಕೆ ಎಳೆಯುತ್ತದೆ, ಟಾರ್ಕ್ ಇಳಿಯುತ್ತದೆ. ಮೂಲ ಸ್ಥಿತಿಯ ಓಟಗಳನ್ನು ಬೆನ್ನುಬೆನ್ನಿಗೆ ತೆಗೆದು, ಮ್ಯಾಪ್ ಬರೆಯುವ ಅರ್ಧ ಗಂಟೆ ಕಾರನ್ನು ತಣಿಯಲು ಬಿಟ್ಟು, ಬಳಿಕ ಹೊಸ ಮ್ಯಾಪಿನ ಓಟ ತೆಗೆದರೆ ಆ ಅಂತರದಲ್ಲಿ ಮ್ಯಾಪಿನ ಪಾಲು ಎಷ್ಟು, ತಣಿದದ್ದರ ಪಾಲು ಎಷ್ಟು ಎಂದು ಬಿಡಿಸಲಾಗದು. ಪರಿಹಾರ ಇದೆ: ಹೊಸ ಮ್ಯಾಪಿನ ಓಟ ಮುಗಿದ ಮೇಲೆ ಹಳೆಯ ಮ್ಯಾಪನ್ನು ಮತ್ತೆ ಹಾಕಿ ಅಳೆಯಿರಿ. ಮೊದಲಿನ ಹಳೆಯದೂ ಕೊನೆಯ ಹಳೆಯದೂ ಒಂದರ ಮೇಲೊಂದು ಕೂತರೆ ಮಾತ್ರ ನಡುವಿನ ಹೊಸದನ್ನು ನಂಬಬಹುದು. ಪ್ರತಿ ಓಟವನ್ನೂ ಒಂದೇ ಇಂಟೇಕ್ ಉಷ್ಣಾಂಶದಲ್ಲಿ ಆರಂಭಿಸಬೇಕು. ಗಡಿಯಾರ ನೋಡಿ ಎರಡು ನಿಮಿಷ ಬಿಟ್ಟೆವು ಎನ್ನುವುದು ಸಾಲದು.

ಇಂಧನದ ವಿಚಾರದಲ್ಲಿ ಹೇಳಬೇಕಾದ್ದು ಕಡಿಮೆ. ಸಾಮಾನ್ಯ ಪಂಪಿನ ಪೆಟ್ರೋಲಿನಲ್ಲಿ ಮೊದಲಿನ ಓಟ, ಹೆಚ್ಚು ಆಕ್ಟೇನಿನ ಎಕ್ಸ್‌ಪಿ100 ಪೆಟ್ರೋಲ್ ತುಂಬಿಸಿ ನಂತರದ ಓಟ ತೆಗೆದರೆ ಅಳೆದದ್ದು ಮ್ಯಾಪ್ ಮತ್ತು ಪೆಟ್ರೋಲ್ ಎರಡನ್ನೂ ಕೂಡಿಸಿ. ನಾಕ್‌ಗೆ ತಕ್ಕಂತೆ ಕಲಿತುಕೊಳ್ಳುವ ಇಸಿಯು ಹೊಸ ಪೆಟ್ರೋಲಿಗೆ ಒಗ್ಗಲು ಸ್ವಲ್ಪ ಓಡಾಟವೂ ಬೇಕು. ಎಥನಾಲ್ ಬೆರೆತ ಪೆಟ್ರೋಲಿಗೆ ಬೇಕಾದ ಗಾಳಿಯ ಪ್ರಮಾಣವೇ ಬೇರೆ: ಶುದ್ಧ ಪೆಟ್ರೋಲಿಗೆ ಒಂದಕ್ಕೆ 14.7 ಪಾಲು ಗಾಳಿಯಾದರೆ ಇ20ಗೆ ಸುಮಾರು 13.5. ಎರಡೂ ಓಟ ಒಂದೇ ಟ್ಯಾಂಕಿನಲ್ಲಿ ನಡೆಯಲಿ, ಅಷ್ಟೇ.

ಕಾರಿನದೇ ಸಾಕ್ಷ್ಯ

ಡೈನೊದ ಮಾತಿಗೆ ಕಾರಿನ ಒಳಗಿನಿಂದ ಸಾಕ್ಷಿ ಕೇಳಬಹುದು. ಟಾರ್ಕ್ ಕಾಲು ಪಾಲು ಹೆಚ್ಚಿದ್ದರೆ ಸಿಲಿಂಡರಿಗೆ ಹೋದ ಗಾಳಿಯೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚಿರಬೇಕು. ಟೈಮಿಂಗ್ ಮುಂದಕ್ಕೆ ತಂದು ಸಿಗುವುದು ಸ್ವಲ್ಪ, ಉಳಿದದ್ದೆಲ್ಲ ಗಾಳಿಯ ಲೆಕ್ಕ. ನಿರಪೇಕ್ಷ ಒತ್ತಡ 1.6ರಿಂದ 1.7 ಬಾರಿಗೆ ಮಾತ್ರ ಏರಿದ್ದು, ಇಂಟೇಕ್ ಬಿಸಿ ಅಷ್ಟೇ ಇದ್ದು, ಹಾಳೆ ಶೇ 25 ಎಂದರೆ ಎಲ್ಲೋ ಏನೋ ಹೊಂದುತ್ತಿಲ್ಲ. ಆದರೆ ಇಲ್ಲೂ ಎಚ್ಚರ ಬೇಕು. ಇಸಿಯು ತೋರಿಸುವ ಟಾರ್ಕ್ ಅಂಕಿ ಅಳತೆಯಲ್ಲ, ಅದರೊಳಗಿನ ಕೋಷ್ಟಕಗಳಿಂದ ಬಂದ ಅಂದಾಜು. ರೀಮ್ಯಾಪ್ ಮಾಡುವವರು ಮಿತಿಗಳನ್ನು ದಾಟಲು ಆ ಕೋಷ್ಟಕಗಳನ್ನೇ ತಿದ್ದುವುದುಂಟು. ತಿದ್ದಿದ ಮೇಲೆ ಅದು ಹೇಳುವ ಟಾರ್ಕಿಗೆ ಬೆಲೆಯಿಲ್ಲ. ಸೆನ್ಸರಿಗೂ ಇಸಿಯುವಿಗೂ ನಡುವೆ ಸಿಕ್ಕಿಸುವ ಟ್ಯೂನಿಂಗ್ ಬಾಕ್ಸ್ ಇನ್ನೂ ತೊಡಕಿನದು. ಅದು ಕೆಲಸ ಮಾಡುವುದೇ ಒತ್ತಡವನ್ನು ಇರುವುದಕ್ಕಿಂತ ಕಡಿಮೆ ಎಂದು ಇಸಿಯುವಿಗೆ ಹೇಳುವ ಮೂಲಕ. ಆಗ ಓಬಿಡಿ ಪೋರ್ಟಿನಿಂದ ತೆಗೆದ ಒತ್ತಡದ ದಾಖಲೆಯೂ ಕಡಿಮೆಯನ್ನೇ ತೋರಿಸುತ್ತದೆ. ಅಂಥ ಕಾರಿಗೆ ಮ್ಯಾನಿಫೋಲ್ಡಿಗೆ ಪ್ರತ್ಯೇಕ ಸೆನ್ಸರ್ ಹಾಕಿ ಅಳೆಯದೆ ಗತಿಯಿಲ್ಲ.

ರಸ್ತೆಯ ಮೇಲಿನ ಅಳತೆಯನ್ನು ನಾನು ಕಡೆಗಣಿಸುವುದಿಲ್ಲ. ಚಾಲಕ ಸೇರಿ 1,250 ಕೆಜಿ ತೂಗುವ ಕಾರು ಗಂಟೆಗೆ 60ರಿಂದ 100 ಕಿಲೋಮೀಟರಿಗೆ 6 ಸೆಕೆಂಡಿನಲ್ಲಿ ಏರಿದರೆ ಚಲನಶಕ್ತಿಗೆ ಹೋದ ಸರಾಸರಿ 51.4 ಕಿಲೋವ್ಯಾಟ್. ಬೆಂಗಳೂರಿನ ತೆಳು ಗಾಳಿಯ ಎಳೆತಕ್ಕೆ ಸುಮಾರು 3.8, ಟಯರಿನ ಉರುಳಾಟಕ್ಕೆ ಸುಮಾರು 3.3 ಸೇರಿಸಿದರೆ 58.5 ಕಿಲೋವ್ಯಾಟ್, ಅಂದರೆ ಹತ್ತಿರಹತ್ತಿರ 80 ಪಿಎಸ್. ಟ್ಯೂನ್ ಆದ ಮೇಲೆ 5.2 ಸೆಕೆಂಡಾದರೆ ಹೆಚ್ಚಳ ಸುಮಾರು 11 ಪಿಎಸ್. ಜಿಪಿಎಸ್ ಲಾಗರ್ ಒಂದಿದ್ದರೆ ಇಷ್ಟು ಸಾಧ್ಯ. ಆದರೆ ನೂರು ಮೀಟರಿಗೆ ಒಂದು ಮೀಟರ್ ಇಳಿಜಾರು ಕಣ್ಣಿಗೆ ಕಾಣುವುದೇ ಇಲ್ಲ, ಅದೊಂದೇ ಈ ವೇಗದಲ್ಲಿ 3.7 ಪಿಎಸ್ ಕೊಡುತ್ತದೆ. ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆಯದ ಅಳತೆಯನ್ನು ಬಿಟ್ಟುಬಿಡಬೇಕು. ಪೆಟ್ರೋಲ್ ಟ್ಯಾಂಕು, ಜೊತೆಗೆ ಕೂತವರು, ಟಯರಿನ ಗಾಳಿ ಎಲ್ಲವೂ ಬರೆದಿಡಬೇಕಾದವು. ಇಂಥ ಓಟಗಳು ಮುಚ್ಚಿದ ಟ್ರ್ಯಾಕಿನಲ್ಲೋ ಏರ್‌ಸ್ಟ್ರಿಪ್ಪಿನಲ್ಲೋ ನಡೆಯಬೇಕು, ಸಂಚಾರವಿರುವ ಹೆದ್ದಾರಿಯಲ್ಲಿ ಕೂಡದು.

ಗುಣಾಂಕದ ಕುರಿತ ನನ್ನ ವಾದವನ್ನು ಪರೀಕ್ಷಿಸಲು ಕರ್ನಾಟಕದ ಭೂಗೋಳ ಒಳ್ಳೆಯ ಅನುಕೂಲ ಒದಗಿಸಿದೆ. ಮಂಗಳೂರು ಕಡಲ ಮಟ್ಟದಲ್ಲಿದೆ, ಬೆಂಗಳೂರು 920 ಮೀಟರ್ ಮೇಲಿದೆ. ಶಿರಾಡಿ ಘಾಟಿ ಹತ್ತಿ ಒಂದೇ ದಿನದಲ್ಲಿ ಎರಡೂ ಕಡೆ ಅಳೆಯಬಹುದು. ಮ್ಯಾಪ್ ಮುಟ್ಟದ ಒಂದೇ ಟರ್ಬೊ ಪೆಟ್ರೋಲ್ ಕಾರು, ಅದೇ ಟಯರು, ಒಂದೇ ಪಂಪಿನ ಪೆಟ್ರೋಲ್, ತೂಕ ಸಮ ಮಾಡಿಕೊಂಡು, ಎಂಜಿನ್ 2500 ಮತ್ತು 4500 ಆರ್‌ಪಿಎಂ ನಡುವೆಯೇ ಉಳಿಯುವ ಗೇರಿನಲ್ಲಿ 60ರಿಂದ 100. ಮಂಗಳೂರಿನಲ್ಲಿ 6 ಸೆಕೆಂಡ್ ಬಂತು ಎಂದುಕೊಳ್ಳಿ. ಹಾಳೆಯ ಗುಣಾಂಕ ಊಹಿಸುವಂತೆ ಎತ್ತರಕ್ಕೆ ಹತ್ತರಲ್ಲೊಂದು ಪಾಲು ಶಕ್ತಿ ಹೋಗಿದ್ದರೆ ಬೆಂಗಳೂರಿನಲ್ಲಿ ಸುಮಾರು 6.7 ಸೆಕೆಂಡ್ ಬರಬೇಕು. ಇಸಿಯು ನಿರಪೇಕ್ಷ ಒತ್ತಡವನ್ನು ಕಾಯ್ದುಕೊಂಡಿದ್ದರೆ 5.95ರ ಆಸುಪಾಸು ಬರಬೇಕು, ಗಾಳಿಯ ಎಳೆತ ಇಲ್ಲಿ ತುಸು ಕಡಿಮೆಯಾದ್ದರಿಂದ ಮಂಗಳೂರಿಗಿಂತ ಕೂದಲೆಳೆಯಷ್ಟು ಬೇಗ. ಎರಡು ಊಹೆಗಳ ನಡುವೆ ಮುಕ್ಕಾಲು ಸೆಕೆಂಡಿನ ಅಂತರವಿದೆ. ಸಾಧಾರಣ ಲಾಗರ್ ಕೂಡ ಅದನ್ನು ಬೇರ್ಪಡಿಸಬಲ್ಲದು. ಬಳಿಕ ಅದೇ ಕಾರಿಗೆ ಸ್ಟೇಜ್ 1 ಹಾಕಿ, 4500ಕ್ಕಿಂತ ಮೇಲಿನ ಆರ್‌ಪಿಎಂನಲ್ಲಿ ಎರಡೂ ಊರುಗಳಲ್ಲಿ ಮತ್ತೆ ಅಳೆದರೆ ಟರ್ಬೊದ ಉಳಿಕೆ ಎಲ್ಲಿ ಮುಗಿಯುತ್ತದೆ, ಯಾವ ಆರ್‌ಪಿಎಂನಿಂದಾಚೆ ಗುಣಾಂಕಕ್ಕೆ ನಿಜವಾದ ಕೆಲಸ ಶುರುವಾಗುತ್ತದೆ ಎಂಬುದೂ ತಿಳಿಯುತ್ತದೆ.